ಅವ್ವನ ಹೂವು ಯಾರದು?



ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ನಡೆದ ಶಿವಾನುಭವ ಗೋಷ್ಠಿಯ ಕೊನೆಗೆ, ಪ್ರಸಾದಕ್ಕೆ ಎಲೆ ಹಾಕುವ ಹೊತ್ತಿನಲ್ಲಿ, ಮಂಗಳೂರಿನಲ್ಲಿ ಓದುತ್ತಿರುವ ತರುಣನೊಬ್ಬ ನನ್ನನ್ನು ಒಂದು ಪ್ರಶ್ನೆ ಕೇಳಿದ. ಪಡಸಾಲೆಯ ಗೋಡೆಯಲ್ಲಿರುವ ನಮ್ಮ ಅವ್ವನ ಭಾವಚಿತ್ರಕ್ಕೆ ಆ ದಿನ ಅಬ್ಬಲಿಗೆಯ ದಂಡೆ ಹಾಕಿದ್ದೆ. ಅದನ್ನು ಸ್ವಲ್ಪ ಹೊತ್ತು ನೋಡಿ ಆತ, "ಟೀಚರೇ, ನಮ್ಮವರು ತೀರಿಕೊಂಡರೆ ಲಿಂಗೈಕ್ಯರಾದರು ಎನ್ನುತ್ತೇವೆ. ಲಿಂಗದಲ್ಲಿ ಒಂದಾದ ಮೇಲೆ ಬೇರೆಯಾಗಿ ಉಳಿದವರು ಯಾರು? ಯಾರೂ ಉಳಿದಿಲ್ಲವೆಂದರೆ ಈ ಹೂವು ಯಾರಿಗೆ?" ಎಂದ. ಕುಚೋದ್ಯಕ್ಕೆ ಕೇಳಿದ ಮಾತಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದ್ದು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ. "ಮೊದಲು ಪ್ರಸಾದಕ್ಕೆ ಕೂತುಕೊಳ್ಳಪ್ಪ" ಎಂದು ಜಾರಿಕೊಂಡೆ. ಆ ದಿನ ಕೊಡಲಾರದ ಉತ್ತರವನ್ನು ಈಗ ಹುಡುಕುತ್ತಿದ್ದೇನೆ. ಸಿಕ್ಕಿದೆಯೆಂದು ಹೇಳುವ ಧೈರ್ಯ ಮಾತ್ರ ಇಲ್ಲ.

ಪ್ರಶ್ನೆ ಹಗುರವಾದದ್ದಲ್ಲ. ನಮ್ಮ ಶರಣರು ಶ್ರಾದ್ಧ, ತಿಥಿ, ಪಿಂಡಗಳನ್ನು ಒಪ್ಪಲಿಲ್ಲ. ನಮ್ಮಲ್ಲಿ ಕಾಯವನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಪತ್ರಿಗಳೊಂದಿಗೆ ಸಮಾಧಿ ಮಾಡುತ್ತೇವೆ. ಮಣ್ಣಿನದು ಮಣ್ಣಿಗೆ, ಲಿಂಗದ್ದು ಲಿಂಗಕ್ಕೆ ಎಂಬ ನಂಬಿಕೆ ನಮ್ಮದು. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಕೊಡಬೇಕು, ಶ್ರಾದ್ಧದಂತಹ ವಿಧಿಗಳು ಬೇಡ, ಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ಹಾಗೆಯೇ ನಡೆಯಿತು. ನೆನಪಿಗೆ ಒಂದು ಹಿಡಿ ಮಣ್ಣನ್ನೂ ಉಳಿಸದೆ ಹೋದವರು ಅವರು. ಅಂತಹವರ ಮುಂದೆ, ಚಿತ್ರಪಟಕ್ಕೆ ಹೂ ಹಾಕಿ ಕಣ್ಣೊರೆಸಿಕೊಳ್ಳುವ ನನ್ನಂಥವಳು ಏನು ಹೇಳಬಹುದು?

ಆದರೆ ಇನ್ನೊಂದು ಮಾತೂ ಇದೆ. ಲಿಂಗೈಕ್ಯ ಗುರುಗಳ ಪುಣ್ಯಸ್ಮರಣೆಯನ್ನು ನಮ್ಮ ಮಠಗಳೆಲ್ಲ ವರ್ಷ ವರ್ಷವೂ ಮಾಡುತ್ತವೆ. ಅಂದು ನೂರಾರು ಜನ ಪ್ರಸಾದ ಸ್ವೀಕರಿಸುತ್ತಾರೆ. ನೆನೆಯುವುದೇ ತಪ್ಪಾಗಿದ್ದರೆ ಅದೂ ತಪ್ಪಾಗಬೇಕಿತ್ತು. ಅಲ್ಲದೆ ಶರಣರು ದೋಷವೆಂದು ಎಣಿಸಿದ್ದು ಮರವೆಯನ್ನು, ನೆನಹನ್ನಲ್ಲ. ಅರಿವಿಗೆ ಎದುರಾಗಿ ನಿಲ್ಲುವುದು ಮರವೆಯೇ. ಹಾಗಾದರೆ ನೆನೆಯಬೇಕೋ ಬೇಡವೋ ಎಂಬುದು ನನ್ನ ಮಟ್ಟಿಗೆ ಪ್ರಶ್ನೆಯಲ್ಲ. ಹೇಗೆ ನೆನೆದರೆ ಅದು ನೆನಹು, ಹೇಗೆ ನೆನೆದರೆ ಅದು ಮೋಹ ಎಂಬುದೇ ತೊಡಕು. ಈ ತೊಡಕು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಹಿತ್ತಲಿನಲ್ಲಿ, ನನ್ನದೇ ತಪ್ಪಿನಿಂದ ತಿಳಿದದ್ದು. ಅದಕ್ಕಾಗಿ ಅವ್ವನ ವಿಷಯ ಸ್ವಲ್ಪ ಹೇಳಬೇಕಾಗಿದೆ.

ಅವ್ವನ ತೌರು ಆಗಿನ ಧಾರವಾಡ ಜಿಲ್ಲೆಯ ಹಾವೇರಿ ಕಡೆಯ ಹಳ್ಳಿ. ಅಪ್ಪನವರದು ಮೆಣಸಿನಕಾಯಿ ವ್ಯಾಪಾರ. ಬ್ಯಾಡಗಿಯಿಂದ ಮೆಣಸಿನಕಾಯಿ ತರಿಸಿ ಕರಾವಳಿಯ ಅಂಗಡಿಗಳಿಗೆ ಹಾಕುತ್ತ ಹಾಕುತ್ತ, ಕಾಸರಗೋಡಿನಲ್ಲೇ ಒಂದು ದಿನಸಿ ಅಂಗಡಿ ತೆರೆದು ನಿಂತರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿಹೋಗಿತ್ತು. 1961ರಲ್ಲಿ ಅವ್ವನ ಮದುವೆ ನಿಶ್ಚಯವಾದಾಗ, "ಹೆಣ್ಣನ್ನ ಪರರಾಜ್ಯಕ್ಕ ಕೊಡ್ತೀರೇನು?" ಎಂದು ಊರವರು ನಮ್ಮ ಅಜ್ಜನನ್ನು ಕೇಳಿದ್ದರಂತೆ. ಬಸ್ಸಿನಲ್ಲಿ ಘಟ್ಟ ಇಳಿದು ಮಂಗಳೂರಿಗೆ ಬಂದು, ಅಲ್ಲಿಂದ ರೈಲು ಹಿಡಿದು ಕಾಸರಗೋಡಿನಲ್ಲಿ ಇಳಿದಾಗ ಅವ್ವನ ಕೈಯಲ್ಲಿದ್ದದ್ದು ಒಂದು ಟ್ರಂಕು, ಒಂದು ಒದ್ದೆ ಗೋಣಿಚೀಲದ ಸುತ್ತು. ಸುತ್ತಿನಲ್ಲಿ ಹಡಗಲಿ ಕಡೆಯ ಮಲ್ಲಿಗೆಯ ಕಡ್ಡಿಗಳಿದ್ದವು.

ಕಡ್ಡಿ ಯಾಕೆ ತಂದಳೆಂದರೆ, ತೌರಿನಲ್ಲಿ ಹೂವಿನ ಚಿಂತೆ ಅವಳಿಗೆ ಇರಲಿಲ್ಲ. ಆ ಕಡೆಯ ಊರುಗಳಲ್ಲಿ ಬೆಳಗಾಗುವ ಮೊದಲೇ ಹೂಗಾರರು ಹೂವು ಪತ್ರಿಗಳನ್ನು ಮನೆಬಾಗಿಲಿಗೆ ತಂದುಕೊಡುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ಕಾಳು ಸಲ್ಲುತ್ತಿತ್ತು. ಅದು ಅವರ ಕಾಯಕ. ಬಸವಣ್ಣನವರ ಕಾಲದ ಹೂಗಾರ ಮಾದಯ್ಯನವರನ್ನು ಅವರು ತಮ್ಮ ಮೂಲಪುರುಷರೆಂದು ನೆನೆಯುತ್ತಾರೆ. ಇಲ್ಲಿ ಕಾಸರಗೋಡಿನಲ್ಲಿ ಲಿಂಗಪೂಜೆಗೆ ಹೂವು ತಂದುಕೊಡುವವರು ಯಾರು? "ಹೂವಿಲ್ಲದ ಪೂಜಿ ನನಗ ಆಗೂದಿಲ್ಲ" ಎಂದು ಅಪ್ಪನವರಿಗೆ ಮದುವೆಗೆ ಮೊದಲೇ ಹೇಳಿಕಳಿಸಿದ್ದಳಂತೆ. ಅವರು "ಹಿತ್ತಲಿದೆ, ಬೆಳೆಸಿಕೊಳ್ಳಲಿ" ಎಂದರಂತೆ.

ಹಿತ್ತಲೇನೋ ಇತ್ತು, ಆದರೆ ಎಲ್ಲ ಮುರಕಲ್ಲು. ಪಿಕಾಸಿಯಿಂದ ಹೊಡೆದರೆ ಕಿಡಿ ಹಾರುವ ನೆಲ. ಮೇಲಾಗಿ ಇಲ್ಲಿಯ ಮಳೆ. ವರ್ಷಕ್ಕೆ 3000 ಮಿಲಿಮೀಟರು ಮೀರಿ ಬೀಳುವ ಈ ಮಳೆ ಹಾವೇರಿಯ ಮಳೆಯ ನಾಲ್ಕು ಪಟ್ಟಿಗೂ ಹೆಚ್ಚು. ಮೊದಲನೆಯ ಆಷಾಢದಲ್ಲೇ ಹಡಗಲಿಯ ಕಡ್ಡಿಗಳೆಲ್ಲ ಬೇರು ಕೊಳೆತು ಹೋದವು. ಮರುವರ್ಷ ತರಿಸಿದ ಸೇವಂತಿಗೆಯೂ ಹೋಯಿತು. "ಇಲ್ಲಿ ಬೀಳೂದು ಮಳಿ ಅಲ್ಲ, ಹಳ್ಳನ ಬೀಳತೈತಿ" ಎಂದು ಅವ್ವ ತೌರಿಗೆ ಕಾಗದ ಬರೆಸಿದ್ದಳು. ಆಗ ಪಕ್ಕದ ಮನೆಯ ಅಮ್ಮ, ಕನ್ನಡ ಬಾರದ ತುಳುವಿನವರು, ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದವರು, ಒಂದು ಮುಂಜಾನೆ ತಮ್ಮ ಮನೆಯ ಮಲ್ಲಿಗೆಯ ಗೆಲ್ಲೊಂದನ್ನು ಕಡಿದು ತಂದುಕೊಟ್ಟರು. ಕೊಟ್ಟದ್ದಷ್ಟೇ ಅಲ್ಲ, ಕೈಸನ್ನೆಯಲ್ಲೇ ಕಲಿಸಿದರು. ಗುಂಡಿಗೆ ಸುಡುಮಣ್ಣು ತುಂಬಬೇಕು, ಬುಡ ಏರಿಸಬೇಕು, ನೀರು ನಿಲ್ಲಬಾರದು, ನೆಲಗಡಲೆ ಹಿಂಡಿ ನೆನೆಸಿ ಹಾಕಬೇಕು. ಆ ಗಿಡ ಹತ್ತಿತು. ಅದೇ ಮುಂದೆ ನಾಲ್ಕೂರಿಗೆ 'ಅವ್ವನ ಮಲ್ಲಿಗೆ' ಎಂದು ಹೆಸರಾಯಿತು. ಅದು ಮೊದಲಿಗೆ ಅವ್ವನದಾಗಿರಲಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಮರೆತಿದ್ದೆ.

ಕ್ರಮೇಣ ಅವಳು ಈ ನೆಲದ ಹೂಗಳನ್ನೇ ಕಲಿತಳು. ಬಾವಿಯ ಹಿಂದೆ ಬಿಲ್ವ, ಅಂಗಳದಂಚಿನಲ್ಲಿ ಕೇಪಳ, ಗೋರಂಟೆ, ನಂದಬಟ್ಟಲು, ಕಣಗಿಲೆ. ಬೇಲಿಯುದ್ದಕ್ಕೂ ಅಬ್ಬಲಿಗೆ. ಬಯಲುಸೀಮೆಯವರು ಕನಕಾಂಬರ ಎನ್ನುವುದು ಇದನ್ನೇ. ತುಂಬೆಯನ್ನು ನೆಡಬೇಕಾಗಿರಲಿಲ್ಲ, ಮಳೆ ಬಂದರೆ ತಾನಾಗಿ ಏಳುತ್ತಿತ್ತು. ಕೇದಗೆಯನ್ನು ಮಾತ್ರ ತರಲಿಲ್ಲ. ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ಹೇಳಿ ಶಿವನ ಪೂಜೆಗೆ ಹೊರಗಾದ ಹೂವೆಂಬ ಪುರಾಣಕಥೆ ಅದಕ್ಕಿದೆಯಲ್ಲ. "ಹೇಳಿದ್ದು ಸುಳ್ಳಾದರೇನು, ವಾಸನೆ ಎಷ್ಟು ಚೆನ್ನಾಗಿದೆ" ಎಂದು ನಾನು ಹೇಳಿದರೆ, "ಸುಳ್ಳು ಹೇಳಾವ್ರಿಗೆ ವಾಸನಿ ಚಲೋನ ಇರತೈತಿ" ಎಂದು ನಗುತ್ತಿದ್ದಳು. ಅಬ್ಬಲಿಗೆಗೆ ವಾಸನೆಯೇ ಇಲ್ಲ, ಅದನ್ನು ಲಿಂಗಕ್ಕೆ ಏಕೆ ಏರಿಸುತ್ತೀಯೆಂದು ಒಮ್ಮೆ ಕೇಳಿದ್ದೆ. "ವಾಸನಿ ಬೇಕಾಗಿದ್ದು ನಿನಗ, ಲಿಂಗಪ್ಪಗಲ್ಲ" ಎಂದಳು. ಅಕ್ಕಮಹಾದೇವಿಯ ಅಂಕಿತವಾದ ಚೆನ್ನಮಲ್ಲಿಕಾರ್ಜುನನನ್ನು ಎ. ಕೆ. ರಾಮಾನುಜನ್ ಅವರು 1973ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಮಲ್ಲಿಗೆಯಂತೆ ಬಿಳಿಯಾದ ಒಡೆಯನೆಂದು ಮಾಡಿದ್ದಾರೆ. ಕಾಲೇಜಿನಲ್ಲಿದ್ದಾಗ ಅದನ್ನು ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೇ ಬಿಳುಪಲ್ಲ, ಬಾಡೂದೂ ಇರಬೇಕು ಅದರಾಗ" ಎಂದಳು. ಅದರ ಅರ್ಥ ನನಗೆ ಇಂದಿಗೂ ಪೂರ್ತಿ ಆಗಿಲ್ಲ.

ಹೂವಿನ ವಿಷಯದಲ್ಲಿ ಅವಳಿಗೆ ಕೆಲವು ಕಟ್ಟುಪಾಡುಗಳಿದ್ದವು. ಗಿಡದಲ್ಲಿರುವುದನ್ನೆಲ್ಲ ಕೀಳಬಾರದು, ದುಂಬಿಗೂ ಗಿಡಕ್ಕೂ ಒಂದೆರಡು ಬಿಡಬೇಕು. ಕೇಳಲು ಬಂದವರಿಗೆ ಕೇಳುವ ಮೊದಲೇ ಕೊಡಬೇಕು. ಮಾರಬಾರದು. ಈ ಮೂರನೆಯದಕ್ಕೆ ಅಪ್ಪನವರು ಒಪ್ಪುತ್ತಿರಲಿಲ್ಲ, ಅವರು ವ್ಯಾಪಾರಸ್ಥರು. ಉಡುಪಿಯ ಶಂಕರಪುರದ ಕಡೆ ಮಲ್ಲಿಗೆಯಿಂದಲೇ ಎಷ್ಟೋ ಸಂಸಾರಗಳು ನಡೆಯುತ್ತವೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ. ಬಾಳೆನಾರಿನಲ್ಲಿ ಕಟ್ಟಿ ಅದೇ ದಿನ ಪೇಟೆಗೆ ಹೋಗಬೇಕು. ಅದೂ ಕಾಯಕವೇ, ಅದರಲ್ಲಿ ಕೀಳೇನಿಲ್ಲ. ಅವ್ವ ಅದನ್ನು ಹಳಿಯಲೂ ಇಲ್ಲ. "ಅವರ ಹೊಟ್ಟಿ ಅದರ ಮ್ಯಾಲೈತಿ. ನಮ್ಮದು ಮೆಣಸಿನಕಾಯಿ ಮ್ಯಾಲೈತಿ" ಎಂದಷ್ಟೇ ಹೇಳುತ್ತಿದ್ದಳು.

ಕೇಳಲು ಬರುವವರು ಯಾರು ಯಾರು! ತುಳುವರ ಮದುವೆಗೆ, ಕೊಂಕಣಿಗರ ಪೂಜೆಗೆ, ಮೀನ ಮಾಸದ ಪೂರಂ ಹಬ್ಬದಲ್ಲಿ ಕಾಮದೇವನಿಗೆ ಹೂವಿಡುವ ಮಲಯಾಳಿ ಹೆಣ್ಣುಮಕ್ಕಳಿಗೆ. ಓಣಂ ಬಂತೆಂದರೆ ಅತ್ತಂ ದಿನದಿಂದ ಹತ್ತು ದಿನ ನಮ್ಮ ಗೇಟು ಮುಚ್ಚುವಂತೆಯೇ ಇರಲಿಲ್ಲ. ಅಂಗಳದಲ್ಲಿ ಪೂಕ್ಕಳಂ ಹಾಕಲು ತುಂಬೆ, ಕೇಪಳ, ಶಂಖಪುಷ್ಪಗಳಿಗಾಗಿ ಮಕ್ಕಳ ಹಿಂಡು ಬುಟ್ಟಿ ಹಿಡಿದು ಬರುತ್ತಿತ್ತು. ಈಗ ಗುಂಡ್ಲುಪೇಟೆ ಮುಂತಾದ ಕಡೆಗಳಿಂದ ಲಾರಿಗಟ್ಟಲೆ ಚೆಂಡುಹೂವು ಬಂದು ಪೇಟೆಯಲ್ಲಿ ತೂಕದ ಮೇಲೆ ಸಿಗುತ್ತದೆ, ಆಗ ಹಾಗಿರಲಿಲ್ಲ. ಮಕ್ಕಳು ಅವಳನ್ನು 'ಹೂವಿನ ಅಮ್ಮಮ್ಮ' ಎನ್ನುತ್ತಿದ್ದರು. ಅವಳಿಗೆ ಕೊನೆಯವರೆಗೂ ಮಲಯಾಳ ಬರಲಿಲ್ಲ, ಹೂವಿನ ಹೆಸರುಗಳನ್ನು ಬಿಟ್ಟು.

ಅವ್ವ ಲಿಂಗೈಕ್ಯಳಾದದ್ದು 2009ರ ಏಪ್ರಿಲ್‌ನಲ್ಲಿ.

ಇನ್ನು ಹೇಳಬೇಕಾದದ್ದು ನನ್ನ ತಪ್ಪು. ಆ ವರ್ಷದ ಓಣಂಗೆ ನಾಲ್ಕೇ ತಿಂಗಳಿತ್ತು. ಮಕ್ಕಳು ಎಂದಿನಂತೆ ಬಂದರು. ಅವರಲ್ಲಿ ಪಕ್ಕದ ಮನೆಯ ಹುಡುಗಿಯೂ ಇದ್ದಳು, ಅವ್ವನಿಗೆ ಮಲ್ಲಿಗೆಯ ಗೆಲ್ಲು ಕೊಟ್ಟ ಆ ಅಮ್ಮನ ಮೊಮ್ಮಗಳು, ಹತ್ತು ವರ್ಷದವಳಿರಬೇಕು. ಕೇಪಳದ ಗೊಂಚಲಿಗೆ ಅವಳು ಕೈ ಹಾಕಿದಾಗ ನನಗೆ ಏನಾಯಿತೋ, "ಮುಟ್ಟಬೇಡ! ಅದು ನಮ್ಮ ಅವ್ವನದು!" ಎಂದು ಚೀರಿಬಿಟ್ಟೆ. ಮಕ್ಕಳು ಬೆಚ್ಚಿ ಹಿಂದೆ ಸರಿದರು. ಆ ಹುಡುಗಿ ಬುಟ್ಟಿಯಲ್ಲಿದ್ದ ನಾಲ್ಕು ಹೂವನ್ನೂ ಕಟ್ಟೆಯ ಮೇಲಿಟ್ಟು ಹೋದಳು. ಮರುದಿನ ನಾನು ಗೇಟಿಗೆ ಬೀಗ ಹಾಕಿಸಿದೆ. ಬೇಲಿ ತೆಗೆಸಿ ಗೋಡೆ ಕಟ್ಟಿಸಿದೆ. ಅವ್ವ ಇಟ್ಟದ್ದನ್ನು ಇಟ್ಟಲ್ಲೇ ಕಾಪಾಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ ನನಗಿತ್ತು. ಮಲ್ಲಿಗೆಯನ್ನು ಸವರಲು ಸಹ ಬಿಡಲಿಲ್ಲ, ಅವ್ವನ ಕೈ ಆಡಿದ ಗೆಲ್ಲುಗಳಲ್ಲವೇ! ಆದರೆ ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಸವರದಿದ್ದರೆ ಹೊಸ ಚಿಗುರಿಲ್ಲ, ಚಿಗುರಿಲ್ಲದಿದ್ದರೆ ಹೂವಿಲ್ಲ. ಎರಡು ವರ್ಷ ಹೂವು ಕಡಿಮೆಯಾಗುತ್ತ ಬಂತು. ಗೋಡೆ ಕಟ್ಟಿಸಿದ ಮೇಲೆ ನೀರು ಹರಿದುಹೋಗುವ ದಾರಿಯೂ ಕಟ್ಟಿತ್ತು. 2013ರ ಮಳೆಗಾಲದಲ್ಲಿ ಗಿಡದ ಬೇರು ಕೊಳೆಯಿತು. ಐವತ್ತು ವರ್ಷ ಹೂ ಕೊಟ್ಟ ಗಿಡ ಒಂದು ತಿಂಗಳಲ್ಲಿ ಕಡ್ಡಿಯಾಯಿತು.

ಆಗ ನಾನು ಅತ್ತದ್ದು ಅವ್ವ ಹೋದಾಗ ಅತ್ತದ್ದಕ್ಕಿಂತ ಹೆಚ್ಚು. ಏಕೆಂದರೆ ಅವ್ವ ಹೋದದ್ದು ನನ್ನಿಂದಲ್ಲ.

ಇದನ್ನು ನಾನು ಬರಿಯ ಕೃಷಿಯ ತಪ್ಪೆಂದು ತಿಳಿದು ಸುಮ್ಮನಿದ್ದೆ. ಧರ್ಮದ ತಪ್ಪೂ ಅಹುದೆಂದು ತಿಳಿದದ್ದು ತಡವಾಗಿ. ಲಿಂಗಕ್ಕೆ ಅರ್ಪಿತವಾದದ್ದು ಪ್ರಸಾದವಾಗಿ ಹಿಂದಿರುಗುತ್ತದೆ, ಒಡವೆಯಾಗಿ ಅಲ್ಲ. ತನು ಮನ ಧನಗಳನ್ನು ಗುರು ಲಿಂಗ ಜಂಗಮಕ್ಕೆ ಸಲ್ಲಿಸುವುದೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅವ್ವ ಆ ಹಿತ್ತಲನ್ನು ನಲವತ್ತೆಂಟು ವರ್ಷ ದಿನವೂ ಸಲ್ಲಿಸಿದ್ದಳು. ಬೆಳಿಗ್ಗೆ ಅಂಗೈಯ ಲಿಂಗಕ್ಕೆ, ಆಮೇಲೆ ಗೇಟಿನಲ್ಲಿ ನಿಂತವರಿಗೆ. ಅವಳಿಗೆ ಇವೆರಡೂ ಒಂದೇ ಪೂಜೆಯ ಎರಡು ಭಾಗಗಳಾಗಿದ್ದವು. ಅವಳು ಕೊಟ್ಟುಬಿಟ್ಟದ್ದನ್ನು ನಾನು ಅವಳ ಹೆಸರಿನಲ್ಲಿ ಹಿಂದಕ್ಕೆ ಕಿತ್ತುಕೊಂಡೆ. 'ಅವ್ವನದು' ಎಂದು ನಾನು ಚೀರಿದಾಗ ಒಳಗಿದ್ದ ಮಾತು 'ನನ್ನದು' ಎಂದು. ಸತ್ತವರ ಹೆಸರು ಹೇಳಿದರೆ ಲೋಭವೂ ಭಕ್ತಿಯಂತೆ ಕಾಣುತ್ತದೆ. ಇದು ನನ್ನೊಬ್ಬಳ ಕಥೆಯಲ್ಲವೆಂದು ತೋರುತ್ತದೆ. ಅಪ್ಪನ ಹೆಸರಿನಲ್ಲಿ ಹೊಲದ ಬದುವಿಗೆ ಹೊಡೆದಾಡುವ ಅಣ್ಣತಮ್ಮಂದಿರನ್ನು ನಾವೆಲ್ಲ ನೋಡಿದ್ದೇವೆ.

ದೂರದ ಒಂದು ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅಮೆರಿಕದಲ್ಲಿ ಅನ್ನಾ ಜಾರ್ವಿಸ್ ಎಂಬ ಮಹಿಳೆ ಇದ್ದಳು. ಅವಳ ತಾಯಿ 1905ರಲ್ಲಿ ತೀರಿಕೊಂಡಳು. ಆ ತಾಯಿಗೆ ಬಿಳಿಯ ಕಾರ್ನೇಷನ್ ಹೂವೆಂದರೆ ಪ್ರೀತಿ. 1908ರ ಮೇ 10ರಂದು ಮಗಳು ತಾಯಿಯ ಊರಾದ ಗ್ರಾಫ್ಟನ್ನಿನ ಚರ್ಚಿಗೆ 500 ಬಿಳಿಯ ಕಾರ್ನೇಷನ್ ಹೂಗಳನ್ನು ಕಳಿಸಿ, ನೆರೆದ ತಾಯಂದಿರಿಗೆ ಹಂಚಿಸಿದಳು. ಇಂದು ನಮ್ಮ ಊರಿನ ಮಕ್ಕಳೂ ಮೇ ತಿಂಗಳ ಎರಡನೆಯ ಭಾನುವಾರ ಆಚರಿಸುವ ತಾಯಂದಿರ ದಿನ ಹುಟ್ಟಿದ್ದು ಹೀಗೆ. 1914ರಲ್ಲಿ ಅಧ್ಯಕ್ಷ ವಿಲ್ಸನ್ ಅದನ್ನು ದೇಶದ ಆಚರಣೆಯೆಂದು ಘೋಷಿಸಿದ. ಅಷ್ಟರಲ್ಲಿ ಹೂವಿನ ವ್ಯಾಪಾರಿಗಳು ಕಾರ್ನೇಷನ್ನಿನ ಬೆಲೆ ಏರಿಸಿದ್ದರು. ಮಿಠಾಯಿಯವರೂ ಶುಭಾಶಯ ಪತ್ರದವರೂ ಕೂಡಿಕೊಂಡರು. ಅನ್ನಾ ಕೆರಳಿದಳು. ವ್ಯಾಪಾರಿಗಳ ಮೇಲೆ, ಆ ಹೂ ಮಾರಿ ಹಣ ಕೂಡಿಸುವ ಸಂಘಗಳ ಮೇಲೆ ಹೋರಾಟ ಹೂಡಿದಳು. 1925ರಲ್ಲಿ ಫಿಲಡೆಲ್ಫಿಯಾದಲ್ಲಿ ಇಂತಹ ಒಂದು ಸಭೆಗೆ ನುಗ್ಗಿ ಬಂಧನಕ್ಕೂ ಒಳಗಾದಳು. ಕೊನೆಕೊನೆಗೆ ಆ ದಿನವನ್ನೇ ರದ್ದು ಮಾಡಿಸಲು ಓಡಾಡಿದಳು. 1948ರಲ್ಲಿ, ಕೈಯಲ್ಲಿದ್ದ ಹಣವೆಲ್ಲ ಕರಗಿ, ಆರೈಕೆಯ ಮನೆಯೊಂದರಲ್ಲಿ ತೀರಿಕೊಂಡಳು. ಅವಳಿಗೆ ಮಕ್ಕಳಿರಲಿಲ್ಲ.

ಅವಳ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ತಾಯಿಯ ಹೂವಿಗೆ ಬೆಲೆಯ ಚೀಟಿ ಅಂಟಿಸಿದರೆ ಯಾರಿಗೆ ಸಹನೆಯಾದೀತು? ಆದರೂ 500 ಹೂವನ್ನು ಹಂಚಿದ ಕೈಯೇ ಮುಂದೆ ಆ ಹೂವಿಗೆ ಕಾವಲು ನಿಂತಿತಲ್ಲ ಎಂದು ಮರುಕವಾಗುತ್ತದೆ. ಹಂಚಿದ ದಿನವೇ ಅದು ಅವಳ ಕೈ ಬಿಟ್ಟಿತ್ತು. ಕಾರ್ನೇಷನ್ ಬಾಡುವಾಗಲೂ ಎಸಳು ಉದುರಿಸುವುದಿಲ್ಲವಂತೆ, ಒಳಗೇ ಮುದುರಿ ಹಿಡಿದುಕೊಳ್ಳುತ್ತದೆ. ನಮ್ಮ ಪಾರಿಜಾತ ಬೆಳಕು ಹರಿಯುವುದರೊಳಗೆ ಎಲ್ಲವನ್ನೂ ನೆಲಕ್ಕೆ ಬಿಟ್ಟಿರುತ್ತದೆ. ಬಿದ್ದ ಹೂವನ್ನು ಪೂಜೆಗೆ ಎತ್ತಬಾರದೆಂಬ ನಿಯಮವನ್ನೂ ನಮ್ಮ ಹಿರಿಯರು ಪಾರಿಜಾತಕ್ಕಾಗಿ ಸಡಿಲಿಸಿದ್ದಾರೆ.

ಇನ್ನೊಂದು ಉದಾಹರಣೆ ನಮ್ಮ ನಾಡಿನದೇ. ಚಿಕ್ಕಂದಿನಲ್ಲಿ ಅಪ್ಪನವರು ನಮ್ಮನ್ನು ಬೇಕಲಕ್ಕೆ ಕರೆದುಕೊಂಡು ಹೋಗಿ, "ಇದನ್ನು ಕಟ್ಟಿದವರು ಕೆಳದಿಯ ಶಿವಪ್ಪ ನಾಯಕರು, ನಮ್ಮವರು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಅವ್ವ ಕೋಟೆಯ ಗೋಡೆಯ ಸಂದಿನಲ್ಲಿ ಬೆಳೆದ ತುಂಬೆ ಕೀಳುತ್ತ ಹಿಂದುಳಿಯುತ್ತಿದ್ದಳು. ಕೆಳದಿಯವರ ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದ, ಈ ಕರಾವಳಿಯ ಕೋಟೆಗಳೂ ಅವನ ಪಾಲಾದವು. ಆ ಹೈದರಾಲಿಯೇ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗಿನ ತೋಟ ಆರಂಭಿಸಿದವನು. ತಂದೆಯ ತೋಟಕ್ಕೆ ಮಗ ಟಿಪ್ಪು ದೇಶವಿದೇಶಗಳಿಂದ ಗಿಡ ತರಿಸಿ ಬೆಳೆಸಿದ. ಅದೇ ಮಗ ಶ್ರೀರಂಗಪಟ್ಟಣದಲ್ಲಿ ತಂದೆಗೆ ಗುಂಬಜ್ ಎಂಬ ಭವ್ಯ ಗೋರಿಯನ್ನೂ ಕಟ್ಟಿಸಿದ. ಗುಂಬಜಿಗೆ ಹೋದವರು ಹೈದರನನ್ನು ನೆನೆಯುತ್ತಾರೆ. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಬರುವ ಲಕ್ಷಾಂತರ ಜನರಲ್ಲಿ ಹೈದರನನ್ನು ನೆನೆಯುವವರು ಎಷ್ಟು ಮಂದಿ? ಆದರೂ ಮಕ್ಕಳು ಅಲ್ಲಿ ಓಡಾಡುತ್ತಾರೆ. ಎರಡರಲ್ಲಿ ಯಾವುದು ಹೆಚ್ಚಿನ ಸ್ಮರಣೆ ಎಂದು ಕೇಳಿದರೆ ಹತ್ತು ವರ್ಷದ ಹಿಂದೆ ಗುಂಬಜ್ ಎನ್ನುತ್ತಿದ್ದೆ. ಈಗ ಹಾಗೆ ಥಟ್ಟನೆ ಹೇಳಲಾರೆ.

ಇರಲಿ, ನಮ್ಮ ಹಿತ್ತಲಿಗೆ ಮರಳುತ್ತೇನೆ.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ತಲಪಾಡಿಯ ಗಡಿ ಮುಚ್ಚಿತು. ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ ನಮ್ಮ ಜನ ಪಟ್ಟ ಪಾಡು ಓದುಗರಿಗೆ ಗೊತ್ತಿದೆ. ಅದರ ಮುಂದೆ ಹೂವಿನ ಮಾತು ಸಣ್ಣದು. ಆದರೂ ಹೇಳುತ್ತೇನೆ, ಪೇಟೆಗೆ ಹೂವು ಬರುವುದು ನಿಂತಿತು. ಪ್ರತಿ ಏಪ್ರಿಲ್‌ನಲ್ಲಿ ಅವ್ವನ ಸ್ಮರಣೆಗೆ ಹುಬ್ಬಳ್ಳಿಯಿಂದ ಬರುತ್ತಿದ್ದ ತಮ್ಮನಿಗೂ ಬರಲಾಗಲಿಲ್ಲ. ಆ ದಿನ ಒಬ್ಬಳೇ ಲಿಂಗಪೂಜೆಗೆ ಕೂತವಳಿಗೆ, ಹೂವಿನ ಬಟ್ಟಲಿನಲ್ಲಿ ಎರಡು ಬಿಲ್ವದೆಲೆ ಬಿಟ್ಟು ಏನೂ ಇರಲಿಲ್ಲ. ಪೂಜೆ ಮುಗಿಸಿ ಹೊರಗೆ ಬಂದರೆ ಗೋಡೆಯ ಮೇಲೆ ಬಾಳೆಯೆಲೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದರೆ ಮಲ್ಲಿಗೆ. ಗೋಡೆಯಾಚೆ ಆ ಹುಡುಗಿ. ಹುಡುಗಿ ಏನು, ಇಪ್ಪತ್ತು ದಾಟಿದ್ದಳು, ಕಾಲೇಜು ಮುಚ್ಚಿ ಮನೆಗೆ ಬಂದಿದ್ದಳು. "ಇವತ್ತು ಅಮ್ಮಮ್ಮನ ದಿನ ಅಲ್ಲವಾ ಟೀಚರೇ?" ಎಂದಳು. ನನಗೆ ಮಾತು ಹೊರಡಲಿಲ್ಲ. ಅವರ ಮನೆಯ ಹಳೆಯ ಮಲ್ಲಿಗೆ ಎಂದೋ ಬಾವಿ ತೋಡಿಸುವಾಗ ಹೋಗಿತ್ತಂತೆ. ಆಗ ನಮ್ಮ ಅವ್ವ ತನ್ನ ಗಿಡದ ಒಂದು ಗೆಲ್ಲು ಕಡಿದು ಬೇಲಿಯಾಚೆಗೆ ಕೊಟ್ಟಿದ್ದಳಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅವಳೇ ಒಂದು ಗೆಲ್ಲು ತಂದು, ಅವಳ ಅಜ್ಜಿ ತೋರಿಸಿದ ರೀತಿಯಲ್ಲೇ ಬುಡ ಏರಿಸಿ ನೆಟ್ಟುಹೋದಳು. ನೆಡುವ ಮೊದಲು ಗೇಟಿನ ಬೀಗವನ್ನು ನಾನು ತೆಗೆಯಬೇಕಾಯಿತು. ತುಕ್ಕು ಹಿಡಿದಿತ್ತು, ಸೀಮೆಎಣ್ಣೆ ಬಿಡಬೇಕಾಯಿತು.

ಈಗ ನಿಜವಾದ ಪ್ರಶ್ನೆ. ಈ ಗಿಡ ಅವ್ವನದೇ? ಈ ಮಲ್ಲಿಗೆಯನ್ನು ಬೀಜದಿಂದ ಬೆಳೆಸುವುದಿಲ್ಲ, ಗೆಲ್ಲು ಊರಿ ಬೆಳೆಸುತ್ತೇವೆ. ಆದ್ದರಿಂದ ಇದು ಹೊಸ ಹುಟ್ಟಲ್ಲ, ಅದೇ ಗಿಡದ ಮುಂದುವರಿಕೆ ಎನ್ನಬಹುದು. ಆದರೆ ಆ ಲೆಕ್ಕದಲ್ಲಿ ಇದು ಅವ್ವನದಕ್ಕಿಂತ ಮೊದಲು ತುಳುವಿನ ಅಮ್ಮನದು, ಅವರಿಗೆ ಕೊಟ್ಟವರು ಯಾರೋ, ಅವರದು. ಹಿಂದಕ್ಕೆ ಹೋದಷ್ಟೂ ಕೊಟ್ಟವರೇ ಸಿಗುತ್ತಾರೆ, ಒಡೆಯರು ಸಿಗುವುದಿಲ್ಲ. ಒಂದು ಮಾತು ಮಾತ್ರ ಸ್ಪಷ್ಟ. ಯಾರಾದರೂ ಕಡಿದು ಕೊಡದಿದ್ದರೆ, ಇನ್ನೊಬ್ಬರು ಊರದಿದ್ದರೆ ಮಲ್ಲಿಗೆಗೆ ಉಳಿಗಾಲವಿಲ್ಲ. ಅಬ್ಬಲಿಗೆಯ ಸ್ವಭಾವ ಬೇರೆ. ಅದರ ಒಣಗಿದ ಕಾಯಿಗೆ ಮೊದಲ ಮಳೆಯ ಹನಿ ತಾಕಿದರೆ ಸಾಕು, ಚಟ್ಟನೆ ಸಿಡಿದು ಬೀಜವನ್ನು ಮಾರು ದೂರ ಎಸೆಯುತ್ತದೆ. ನನ್ನ ಗೋಡೆಯನ್ನು ಅದು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೀಗದ ಆ ವರ್ಷಗಳಲ್ಲೂ ಅವ್ವನ ಅಬ್ಬಲಿಗೆ ರಸ್ತೆಯ ಚರಂಡಿಯ ಅಂಚಿನಲ್ಲಿ, ಎದುರು ಮನೆಯ ಗೇಟಿನ ಬುಡದಲ್ಲಿ ಎದ್ದಿತ್ತು. ನರ್ಸರಿಯವರು ಮಾರುವ ಡೆಲ್ಲಿ ಕನಕಾಂಬರ ನೋಡಲು ದೊಡ್ಡದು, ಬಣ್ಣವೂ ಚೆಂದ, ಆದರೆ ಅದರಲ್ಲಿ ಬೀಜ ಕಟ್ಟುವುದಿಲ್ಲ. ಅದನ್ನು ತಂದಿದ್ದರೆ ನನ್ನ ಗೋಡೆ ಗೆದ್ದಿರುತ್ತಿತ್ತು.

ಇದನ್ನೆಲ್ಲ ತಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವನು ಒಪ್ಪಲಿಲ್ಲ. ಅವನ ಮಾತನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. "ಅಕ್ಕ, ನೀ ಹೇಳೂದು ಕೇಳಾಕ ಚಲೋ ಐತಿ. ಎಲ್ಲಾರಿಗೂ ಹಂಚಿದ್ರ ಅದು ಅವ್ವನ ನೆನಪು ಅಂದಿ. ಆದ್ರ ಹಂಚೂ ಹೂವು ಯಾರದಾದ್ರೂ ಆಗಬಹುದು. ನನಗ ಬೇಕಾಗಿದ್ದು ಹೂವಿನ ಧರ್ಮ ಅಲ್ಲ, ನಮ್ಮವ್ವ" ಎಂದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವನ ತಲೆದಿಂಬಿನ ಕೆಳಗೆ ಅವ್ವ ಒಂದು ಹಿಡಿ ಮಲ್ಲಿಗೆ ಇಡುತ್ತಿದ್ದಳು. ಆ ಮಲ್ಲಿಗೆಯ ಜೊತೆಗೆ ಅವಳ ಕೈಯ ವಿಭೂತಿಯ, ಮೆಣಸಿನಕಾಯಿಯ ವಾಸನೆಯೂ ಬೆರೆತಿರುತ್ತಿತ್ತು. ಅದು ಯಾವ ಗೆಲ್ಲಿನಿಂದ ಹುಟ್ಟಿಬಂದೀತು? ಬೇಂದ್ರೆಯವರು ಅಂಬಿಕಾತನಯದತ್ತ ಎಂದು ತಾಯಿಯ ಹೆಸರನ್ನೇ ತಮ್ಮ ಅಂಕಿತದಲ್ಲಿ ಹೊತ್ತು ತಿರುಗಿದರು, ತಾಯಂದಿರು ಎಂದು ಬಹುವಚನದಲ್ಲಿ ಬರೆದು ಸಮಾಧಾನಪಡಲಿಲ್ಲ. ತಮ್ಮನ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಹೊಸ ಗಿಡ ಹೂ ಬಿಟ್ಟ ಮೊದಲ ದಿನ ನಾನೂ ಮೂಸಿ ನೋಡಿದೆ. ಮಲ್ಲಿಗೆಯ ವಾಸನೆ ಇತ್ತು, ಅಷ್ಟೆ.

ತರುಣನಿಗೆ ನಾನು ಹೇಳಬೇಕಾದದ್ದು ಬಹುಶಃ ಇಷ್ಟು. ಮಗೂ, ಚಿತ್ರಪಟಕ್ಕೆ ಹಾಕಿದ ಆ ದಂಡೆ ಅವ್ವನಿಗೆ ಮುಟ್ಟುತ್ತದೆಂದು ನಾನು ನಂಬಿಲ್ಲ. ಲಿಂಗದಲ್ಲಿ ಒಂದಾದವಳಿಗೆ ಹೂವಿನ ಕೊರತೆಯಿಲ್ಲ. ಅದು ನನ್ನ ಕೈ ಅವಳ ಕೆಲಸವನ್ನು ಮರೆಯದಿರಲೆಂದು ಹಾಕಿದ್ದು. ಬೆಳಿಗ್ಗೆ ಐದಕ್ಕೆ ಎದ್ದು ಬುಟ್ಟಿ ಹಿಡಿದು ಹೊರಟಾಗ, ಗಿಡಕ್ಕೊಂದೆರಡು ಬಿಡುವಾಗ, ಗೇಟಿನಲ್ಲಿ ಯಾರೋ ನಿಂತದ್ದು ಕಂಡಾಗ, ಅವಳು ಮಾಡುತ್ತಿದ್ದುದನ್ನು ನಾನು ಮಾಡುತ್ತಿರುತ್ತೇನೆ. ಆ ಹೊತ್ತಿನಲ್ಲಿ ಅವಳ ನೆನಪು ಬರುವುದಿಲ್ಲ ಎಂಬುದೂ ನಿಜ. ಬರುವುದು ಆಮೇಲೆ, ಬುಟ್ಟಿ ಖಾಲಿಯಾದ ಮೇಲೆ. ಅದನ್ನು ನೀನು ಮೋಹ ಎಂದರೆ ಅಲ್ಲವೆನ್ನಲಾರೆ. ಪೂಜ್ಯ ಸಿದ್ಧೇಶ್ವರ ಸ್ವಾಮಿಗಳಿಗೆ ಸಾಧ್ಯವಾದದ್ದು ನನಗೆ ಸಾಧ್ಯವಾಗಿಲ್ಲ.

ಗೋಷ್ಠಿಯ ದಿನ ಆ ತರುಣನ ತಾಯಿ ಹೋಗುವಾಗ, "ನಮಗೂ ಒಂದು ಗೆಲ್ಲು ಕೊಡ್ರಿ" ಎಂದು ಕೇಳಿದ್ದರು. ಶ್ರಾವಣದಲ್ಲಿ ಗಿಡ ಇನ್ನೂ ಎಳೆಯದಾಗಿ ಕಂಡದ್ದರಿಂದ ಮುಂದಿನ ಮಳೆಗೆ ಕೊಡುತ್ತೇನೆಂದೆ. ಈಗ ಕೊಡುವಷ್ಟಾಗಿದೆ. ಇನ್ನಾರಿಗಾದರೂ ಬೇಕಿದ್ದರೆ ಜೂನ್ ತಿಂಗಳ ಎರಡನೆಯ ವಾರದ ಮೇಲೆ ಬೆಳಿಗ್ಗೆ ಬರಬಹುದು, ಮಠದ ಕಚೇರಿಯಲ್ಲಿ ಮನೆಯ ಗುರುತು ಹೇಳುತ್ತಾರೆ. ಬರುವಾಗ ಒದ್ದೆ ಗೋಣಿಯ ತುಂಡೊಂದನ್ನು ತನ್ನಿ. ಮುರಕಲ್ಲಿನ ನೆಲವಾದರೆ ಗುಂಡಿಯನ್ನು ಮೊದಲೇ ತೋಡಿ ಸುಡುಮಣ್ಣು ತುಂಬಿಸಿಟ್ಟಿರಿ. ಬುಡ ಏರಿಸಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಚೆನ್ನಾಗಿ ಹತ್ತಿದ ಮೇಲೆ ವರ್ಷಕ್ಕೊಮ್ಮೆ ಸವರಲು ಮರೆಯಬೇಡಿ.